ಜೆಲ್, ಅಕ್ರಿಲಿಕ್ ಉಗುರು ಯಾಕೆ ಎದ್ದು ಬರುತ್ತೆ, ಯಾಕೆ ಸುಡುತ್ತೆ, ಯಾಕೆ ಕಡಿಯುತ್ತೆ: ತಪ್ಪು ಎಲ್ಲಿದೆ ಅಂತ ಹುಡುಕೋ ಕ್ರಮ

ನೇಲ್ ಕೆಲಸಕ್ಕೆ ಕೈ ಹಾಕಿದ ಹೊಸದ್ರಲ್ಲಿ ಒಬ್ರಿಗೆ ಕಡು ಕೆಂಪು ಜೆಲ್ ಪಾಲಿಶ್ ಹಾಕಿ ಕಳಿಸಿದ್ದೆ, ಐದನೇ ದಿನ ವಾಪಸ್ ಬಂದ್ರು, ಎಂಟು ಬೆರಳು ಹಾಕಿದ ಹಾಗೇ ಇದೆ, ಎರಡು ಹೆಬ್ಬೆರಳಲ್ಲಿ ಮಾತ್ರ ಒಂದು ಬದಿಯಿಂದ ಎದ್ದಿದೆ. ಉಗುರಲ್ಲಿ ಎಣ್ಣೆ ಅಂಶ ಜಾಸ್ತಿ ಇರ್ಬೇಕು ಅಂದ್ಕೊಂಡು ಪ್ರೈಮರ್ (ಮೇಲಿನ ಪದರ ಉಗುರಿಗೆ ಅಂಟ್ಲಿ ಅಂತ ಮೊದ್ಲು ಹಚ್ಚೋ ದ್ರವ) ಬದಲಾಯಿಸಿ ಮತ್ತೆ ಹಾಕ್ದೆ, ಮತ್ತೆ ಎದ್ದು ಬಂತು, ಬೇಸ್ ಕೋಟ್ ಬದಲಾಯಿಸ್ದೆ, ಆಗ್ಲೂ ಅದೇ ಕಥೆ. ಮೂರನೇ ಸಲ ಎದ್ದಿದ್ದ ತುಣುಕನ್ನ ಬಿಸಾಡೋ ಬದ್ಲು ಬೆಳಕಿಗೆ ಹಿಡಿದು ತಿರುಗಿಸಿ ನೋಡ್ದೆ. ಮೇಲ್ಗಡೆ ಕನ್ನಡಿ ತರ ಹೊಳೀತಿದೆ, ತಳದಲ್ಲಿ ಬೆರಳು ಇಟ್ರೆ ಅಂಟುತ್ತೆ, ಬಿಳಿ ವೈಪ್ ಮೇಲೆ ಎಳೆದ್ರೆ ಕೆಂಪು ಗೆರೆ ಬೀಳ್ತು. ಬೇಸ್ ಕೋಟ್ ಉಗುರಿಗೆ ಸರಿಯಾಗೇ ಅಂಟ್ಕೊಂಡಿತ್ತು, ಅದರ ಮೇಲಿನ ಬಣ್ಣದ ಪದರ ಐದು ದಿನ ಆದ್ರೂ ಒಳಗಡೆ ಹಸಿಯಾಗೇ ಇತ್ತು. ನಾಲ್ಕು ಬೆರಳು ಚಾಚಿ ಲ್ಯಾಂಪ್ ಒಳಗೆ ಕೈ ಇಟ್ಟಾಗ ಹೆಬ್ಬೆರಳು ಓರೆಯಾಗಿ ಮಲಗುತ್ತೆ, ಅದರ ಒಂದು ಬದಿಗೆ ಬೆಳಕು ಬೀಳೋದೇ ಇಲ್ಲ. ಎರಡು ಹೆಬ್ಬೆರಳನ್ನ ಬೇರೆಯಾಗಿ, ನೆಟ್ಟಗೆ ಇಟ್ಟು ಕ್ಯೂರ್ ಮಾಡಿದ್ಮೇಲೆ, ಅಂದ್ರೆ ಲ್ಯಾಂಪ್ ಬೆಳಕಲ್ಲಿ ಗಟ್ಟಿ ಮಾಡಿದ್ಮೇಲೆ, ಆ ತೊಂದ್ರೆ ಮತ್ತೆ ಬರ್ಲಿಲ್ಲ. ಅಷ್ಟು ದಿನ ನಾನು ಪ್ರಾಡಕ್ಟ್ ಮೇಲೆ ಅನುಮಾನ ಪಡ್ತಾ ಕೂತಿದ್ದೆ.

ಅದಕ್ಕೇ ಇದನ್ನ ಬರೀತಿದ್ದೀನಿ, ಏನಾದ್ರೂ ಕೆಟ್ಟಾಗ ಹೊಸ ಬಾಟ್ಲಿ ತಗೊಳ್ಳೋಕೆ ಮುಂಚೆ ಕೆಟ್ಟಿರೋ ತುಣುಕನ್ನ ನೋಡಿ, ಯಾವ ಬೆರಳು, ಎಷ್ಟನೇ ದಿನ, ಯಾವ ಜಾಗದಿಂದ ಶುರುವಾಯ್ತು ಅಂತ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಎದ್ದ ತುಣುಕಿನ ತಳ ಏನು ಹೇಳುತ್ತೆ

ತಳ ನುಣ್ಣಗೆ, ಒಣಗಿ, ಕ್ಲೀನಾಗಿದ್ರೆ ಅದು ಉಗುರಿಗೆ ಅಂಟೇ ಇರ್ಲಿಲ್ಲ ಅಂತ ಅರ್ಥ. ತಳದಲ್ಲಿ ಬಿಳಿ ಪುಡಿ ತರ, ಸಿಪ್ಪೆ ತರ ಉಗುರಿನ ಪದರವೇ ಅಂಟ್ಕೊಂಡು ಬಂದಿದ್ರೆ ಅಂಟು ಗಟ್ಟಿಯಾಗೇ ಇತ್ತು, ಉಗುರೇ ಸೋತಿದೆ, ಅಂದ್ರೆ ಜಾಸ್ತಿ ಫೈಲ್ ಮಾಡಿದ್ದೀರ ಅಥವಾ ಯಾರೋ ಕಿತ್ತಿದ್ದಾರೆ. ತಳ ಅಂಟಂಟಾಗಿದ್ರೆ ಮೇಲೆ ಹೇಳಿದ ಕ್ಯೂರ್ ಸಮಸ್ಯೆ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ಹಾಕಿದ್ರೆ ಕೆಲಸ ಇನ್ನೂ ಕೆಡುತ್ತೆ, ಉದಾಹರಣೆಗೆ ಕ್ಯೂರ್ ಆಗದೆ ಎದ್ದಿದ್ದನ್ನ ಪ್ರೆಪ್ (ಹಾಕೋ ಮುಂಚೆ ಉಗುರು ಸಿದ್ಧ ಮಾಡೋದು) ಸಾಲ್ದು ಅಂತ ತಪ್ಪು ತಿಳ್ಕೊಂಡು ಉಗುರನ್ನ ಇನ್ನಷ್ಟು ಉಜ್ಜಿದ್ರೆ ಉಗುರು ತೆಳ್ಳಗಾಗುತ್ತೆ, ಆಮೇಲೆ ಎರಡು ಸಮಸ್ಯೆ ಒಟ್ಟಿಗೆ.

ಕ್ಲೀನಾಗಿ ಬಿಟ್ಟು ಬಂದಿರೋದನ್ನ ಮೊದ್ಲು ತಗೊಳ್ಳೋಣ. ಉಗುರು ಅಂದ್ರೆ ಕೆರಾಟಿನ್ ಅನ್ನೋ ಪ್ರೋಟೀನ್ ತುಂಬಿದ ಸತ್ತ ಜೀವಕೋಶಗಳು, ತೆಳ್ಳಗೆ ಒಂದರ ಮೇಲೊಂದು ಒತ್ತಿಕೊಂಡಿರೋ ಪದರ. ಅದು ನೀರು ಹೀರುತ್ತೆ, ಹೀರಿದಾಗ ಉಬ್ಬಿ ಮೆತ್ತಗಾಗುತ್ತೆ, ಒಣಗಿದಾಗ ಮತ್ತೆ ಕುಗ್ಗುತ್ತೆ. ಮೇಲೆ ಹಾಕಿರೋ ಕೋಟಿಂಗ್ ಅಷ್ಟು ಹಿಗ್ಗಲ್ಲ ಕುಗ್ಗಲ್ಲ. ಹಾಗಾಗಿ ಕೈಯನ್ನ ನೀರಲ್ಲಿ ನೆನೆಸಿ ಮ್ಯಾನಿಕ್ಯೂರ್ ಮಾಡಿ ತಕ್ಷಣ ಜೆಲ್ ಹಾಕಿದ್ರೆ ಉಬ್ಬಿರೋ ಉಗುರಿಗೆ ಅಂಟಿಸಿದ ಹಾಗೆ, ಆಮೇಲೆ ಉಗುರು ಒಣಗಿ ಕುಗ್ಗಿದಾಗ ಅಂಚು ಬಿಟ್ಕೊಳ್ಳುತ್ತೆ. ಜೆಲ್ ಅಥವಾ ಅಕ್ರಿಲಿಕ್ ಹಾಕೋ ದಿನ ನೀರಲ್ಲಿ ನೆನೆಸೋದು ಬೇಡವೇ ಬೇಡ. ಡಿಹೈಡ್ರೇಟರ್ ಹಚ್ಚಿದ್ರೆ ಮೇಲ್ಮೈಯಲ್ಲಿರೋ ನೀರು ಎಣ್ಣೆ ಹೋಗುತ್ತೆ ನಿಜ, ಆದ್ರೆ ಅದರ ಕೆಲಸ ಸ್ವಲ್ಪ ಹೊತ್ತು ಅಷ್ಟೇ, ಹತ್ತೂ ಬೆರಳಿಗೆ ಹಚ್ಚಿ ಆಮೇಲೆ ಮಾತಾಡ್ತಾ ಕೂತ್ರೆ ಪ್ರಯೋಜನ ಇಲ್ಲ.

ಬುಡದಿಂದ, ಅಂದ್ರೆ ಚರ್ಮದ ಹತ್ರದಿಂದ ಎದ್ರೆ ಎರಡು ಕಾರಣ ನೋಡಿ. ಒಂದು, ಉಗುರಿನ ಮೇಲೆ ಗಾಜಿನ ತರ ತೆಳ್ಳಗೆ ಅಂಟಿರೋ ಸತ್ತ ಚರ್ಮ, ಅದೇ ನಿಜವಾದ ಕ್ಯುಟಿಕಲ್, ಕಣ್ಣಿಗೆ ಕಾಣೋದೇ ಕಷ್ಟ, ಬೆಳಕನ್ನ ಓರೆಯಾಗಿ ಬಿಟ್ಟಾಗ ಮಂಕಾಗಿ ಕಾಣುತ್ತೆ. ಅದರ ಮೇಲೆ ಜೆಲ್ ಹಾಕಿದ್ರೆ ಜೆಲ್ ಅದಕ್ಕೆ ಅಂಟಿರುತ್ತೆ, ಉಗುರಿಗಲ್ಲ. ಎರಡು, ಜೆಲ್ ಚರ್ಮದ ಮೇಲೆ ಹರಿದು ಅಲ್ಲೇ ಗಟ್ಟಿಯಾಗಿದೆ, ಚರ್ಮ ಅಲುಗಾಡಿದಾಗೆಲ್ಲ ಅದು ಸನ್ನೆಕೋಲು ಹಾಕಿದ ಹಾಗೆ ಎಬ್ಬಿಸುತ್ತೆ. ಚರ್ಮದಿಂದ ಕೂದಲೆಳೆಯಷ್ಟು ಜಾಗ ಬಿಡಿ, ಇದು ಬರೀ ಚಂದಕ್ಕಲ್ಲ, ಯಾಕೆ ಅಂತ ಕೊನೇಲಿ ಹೇಳ್ತೀನಿ.

ತುದಿಯಿಂದ ಎದ್ರೆ ತುದಿಯ ಅಂಚನ್ನ ಮುಚ್ಚಿಲ್ಲ, ಅಥವಾ ಹಾಕಿದ್ಮೇಲೆ ಕ್ಲಿಪ್ ಮಾಡಿ ಅಂಚು ತೆರೆದಿದ್ದಾರೆ, ಅಥವಾ ಒಂದೇ ಸಲ ದಪ್ಪಗೆ ಹಾಕಿದ್ದೀರ. ದಪ್ಪಕ್ಕೂ ಇದಕ್ಕೂ ಏನು ಸಂಬಂಧ ಅಂದ್ರೆ, ಹಸಿ ಜೆಲ್‌ನಲ್ಲಿ ಸಣ್ಣ ಸಣ್ಣ ಅಣುಗಳು ದೂರ ದೂರ ಓಡಾಡ್ತಿರುತ್ತವೆ, ಗಟ್ಟಿಯಾಗುವಾಗ ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಹತ್ರ ಬರ್ತವೆ, ಹಾಗಾಗಿ ಒಟ್ಟು ಗಾತ್ರವೇ ಕುಗ್ಗುತ್ತೆ. ತೆಳು ಪದರ ಆದ್ರೆ ಆ ಎಳೆತ ಗೊತ್ತಾಗಲ್ಲ, ದಪ್ಪ ಪದರ ಒಂದೇ ಏಟಿಗೆ ಗಟ್ಟಿಯಾದ್ರೆ ಅಂಚನ್ನ ಒಳಗೆ ಎಳ್ಕೊಳ್ಳುತ್ತೆ.

ಪ್ರೈಮರ್ ಬಗ್ಗೆ ಒಂದು ಮಾತು. ಹಳೇ ಕಾಲದ ಆಸಿಡ್ ಪ್ರೈಮರ್‌ನಲ್ಲಿ ಇರೋದು ಮೆಥಾಕ್ರಿಲಿಕ್ ಆಸಿಡ್, ಅದು ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ರೆ ದೊಡ್ಡ ಅಪಾಯ. ಜಾಸ್ತಿ ಹಚ್ಚಿದ್ರೆ ಜಾಸ್ತಿ ಅಂಟಲ್ಲ, ಉಗುರಿಗೆ ತಾಗಿಸಿದಷ್ಟು ಸಾಕು, ಕೆರೆಯಾಗೋ ಹಾಗೆ ಹಚ್ಚಿದ್ರೆ ಒಣಗದೆ ಉಳಿದು ತಾನೇ ಎದ್ದು ಬರೋಕೆ ಕಾರಣ ಆಗುತ್ತೆ.

ಗಟ್ಟಿ ಆಯ್ತು ಅಂದ್ರೆ ಪೂರ್ತಿ ಕ್ಯೂರ್ ಆಯ್ತು ಅಂತಲ್ಲ

ಇದನ್ನ ಸ್ವಲ್ಪ ನಿಧಾನವಾಗಿ ಓದಿ, ನನ್ನ ಪ್ರಕಾರ ಜೆಲ್ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ತಿಳ್ಕೊಂಡಿರೋ ವಿಷಯ ಇದೇ. ಜೆಲ್ ಒಣಗಲ್ಲ, ದ್ರಾವಕ ಆವಿಯಾಗಿ ಹೋಗಿ ಅದು ಗಟ್ಟಿಯಾಗೋದಲ್ಲ. ಅದರಲ್ಲಿ ಫೋಟೋಇನಿಶಿಯೇಟರ್ ಅಂತ ಒಂದು ಪದಾರ್ಥ ಇರುತ್ತೆ, ತನಗೆ ಬೇಕಾದ ತರಂಗಾಂತರದ ಬೆಳಕು ಬಿದ್ರೆ ಅದು ಒಡೆದು ಫ್ರೀ ರ‍್ಯಾಡಿಕಲ್ ಆಗುತ್ತೆ, ಆ ಚುರುಕಾದ ಅಣು ಚೂರು ಹೋಗಿ ಜೆಲ್‌ನಲ್ಲಿರೋ ಅಕ್ರಿಲೇಟ್ ಅನ್ನೋ ಅಣುಗಳ ಜೋಡಿಕೊಂಡಿ ಬಿಚ್ಚಿ ಸರಪಳಿ ಕಟ್ಟೋಕೆ ಶುರು ಮಾಡುತ್ತೆ. ಸರಪಳಿಗಳು ಒಂದಕ್ಕೊಂದು ಹೆಣೆದು ಬಲೆ ಆಗ್ತಿದ್ದ ಹಾಗೆ ಉಳಿದ ಸಣ್ಣ ಅಣುಗಳಿಗೆ ಓಡಾಡೋಕೆ ಜಾಗ ಇಲ್ದೆ ಕ್ರಿಯೆ ನಿಧಾನ ಆಗುತ್ತೆ. ಹಾಗಾಗಿ ಸುಮಾರು ಅಣುಗಳು ಇನ್ನೂ ಬಿಡಿಯಾಗೇ ಇರೋವಾಗ್ಲೇ ಉಗುರು ಮುಟ್ಟೋಕೆ ಗಟ್ಟಿ, ನೋಡೋಕೆ ಹೊಳಪು. ಕಣ್ಣಿಗೂ ಬೆರಳಿಗೂ ಇದು ಗೊತ್ತಾಗಲ್ಲ.

ಲ್ಯಾಂಪ್ ವಿಷಯಕ್ಕೆ ಬಂದ್ರೆ, ಜೆಲ್ ಲ್ಯಾಂಪ್‌ಗಳ ಬೆಳಕು ಸಾಮಾನ್ಯವಾಗಿ 365 ಮತ್ತು 405 ನ್ಯಾನೋಮೀಟರ್ ಆಸುಪಾಸು ಇರುತ್ತೆ, ಕೆಲವು ಒಂದೇ ಒಂದನ್ನ ಕೊಡುತ್ತವೆ. ನಿಮ್ಮ ಜೆಲ್‌ನಲ್ಲಿರೋ ಇನಿಶಿಯೇಟರ್‌ಗೆ ಬೇಕಾಗಿರೋದು ಅದಲ್ಲ ಅಂದ್ರೆ ಹತ್ತು ನಿಮಿಷ ಇಟ್ರೂ ಸರಿಯಾಗಿ ಆಗಲ್ಲ. ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರೋ ವಾಟ್ ನೋಡಿ ಮೋಸ ಹೋಗ್ಬೇಡಿ, ಅದು ಲ್ಯಾಂಪ್ ಎಷ್ಟು ಕರೆಂಟ್ ತಗೊಳ್ಳುತ್ತೆ ಅನ್ನೋದು, ಉಗುರಿನ ಮೇಲೆ ಎಷ್ಟು ಬೆಳಕು ಬೀಳುತ್ತೆ ಅನ್ನೋದಲ್ಲ. ಜೆಲ್ ಮಾಡಿದವ್ರು ಯಾವ ಲ್ಯಾಂಪ್‌ನಲ್ಲಿ ಟೆಸ್ಟ್ ಮಾಡಿದ್ದಾರೋ ಅದನ್ನೇ ಬಳಸೋದು ಒಳ್ಳೇದು ಅಂತ ಹೇಳೋದು ಇದಕ್ಕೇ. ಇದು ಬರೀ ಮಾರಾಟದ ಮಾತು ಅಂತ ನಾನೂ ತುಂಬಾ ದಿನ ಅಂದ್ಕೊಂಡಿದ್ದೆ, ಆದ್ರೆ ಹಾಗಲ್ಲ. ಇನ್ನೊಂದು, ಯುರೋಪಿಯನ್ ಯೂನಿಯನ್‌ನಲ್ಲಿ ಟಿಪಿಒ ಅನ್ನೋ ಇನಿಶಿಯೇಟರನ್ನ 2025ರ ಸೆಪ್ಟೆಂಬರ್ 1ರಿಂದ ಕಾಸ್ಮೆಟಿಕ್ಸ್‌ನಲ್ಲಿ ನಿಷೇಧ ಮಾಡಿದ್ದಾರೆ, ಹೀಗೆ ಒಳಗಿನ ಇನಿಶಿಯೇಟರ್ ಬದಲಾದಾಗ ಕ್ಯೂರ್ ಟೈಮೂ ಬದಲಾಗಬಹುದು, ಅದೇ ಹೆಸರಿನ ಬಾಟ್ಲಿ ಆದ್ರೂ ಹೊಸ ಲೇಬಲ್ ಓದಿ, ಹಳೇ ಅಭ್ಯಾಸದ ಮೇಲೆ ಟೈಮ್ ಹಾಕ್ಬೇಡಿ.

ಚೆಕ್ ಮಾಡೋ ಕ್ರಮ ಹೀಗೆ. ಲ್ಯಾಂಪ್ ಆಫ್ ಮಾಡಿ, ತಿರುಗಿಸಿ, ಒಳಗೆ ನೋಡಿ, ಎಲ್ಇಡಿ ಮೇಲೆ ಜೆಲ್ ತಾಗಿ ಗಟ್ಟಿಯಾಗಿರೋ ಕಲೆ ಇದ್ರೆ ಆ ಜಾಗದಲ್ಲಿ ಕೂರೋ ಬೆರಳು ಪ್ರತಿ ಸಲ ಕೆಡುತ್ತೆ. ಹಳೇ ಟ್ಯೂಬ್ ಲ್ಯಾಂಪ್ ಆದ್ರೆ ನೀಲಿ ಬೆಳಕು ಕಾಣ್ತಿದ್ರೂ ಯುವಿ ಕಮ್ಮಿ ಆಗಿರುತ್ತೆ, ಟ್ಯೂಬ್ ಬದಲಾಯಿಸ್ಲೇಬೇಕು. ಆಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮೇಲೆ ಉಗುರಿಗೆ ಹಾಕೋ ಅಷ್ಟೇ ದಪ್ಪಕ್ಕೆ ಬಣ್ಣ ಹಾಕಿ, ಲೇಬಲ್‌ನಲ್ಲಿರೋ ಟೈಮ್ ಕೊಟ್ಟು, ಗ್ಲೌಸ್ ಹಾಕ್ಕೊಂಡೇ ತಳದ ಕಡೆ ನೋಡಿ, ತಳ ಹಸಿ ಇದ್ರೆ ದಪ್ಪ ಜಾಸ್ತಿ ಆಯ್ತು ಇಲ್ಲ ಲ್ಯಾಂಪ್ ಹೊಂದ್ತಿಲ್ಲ. ಕಪ್ಪು, ಕಡು ನೀಲಿ, ಅಚ್ಚ ಬಿಳಿ ಇವುಗಳಲ್ಲಿ ಪಿಗ್ಮೆಂಟ್ ತುಂಬಾ ಇರೋದ್ರಿಂದ ಬೆಳಕು ತಳಕ್ಕೆ ಇಳಿಯೋ ಮುಂಚೆನೇ ತಡೆದುಬಿಡುತ್ತೆ. ಲ್ಯಾಂಪ್‌ನಿಂದ ತೆಗೆದಾಗ ಮೇಲ್ಮೈ ಸುಕ್ಕುಗಟ್ಟಿದ್ರೆ ಕಾರಣ ಇದೇ, ಮೇಲಿನ ಪೊರೆ ಗಟ್ಟಿಯಾಗಿ ಕುಗ್ಗಿದೆ, ಕೆಳಗೆ ಇನ್ನೂ ದ್ರವ, ಅದಕ್ಕೆ ಆ ಪೊರೆ ಜಾರಿ ಮಡಿಚಿಕೊಂಡಿದೆ. ಸುಕ್ಕಿನ ಮೇಲೆ ಇನ್ನೊಂದು ಕೋಟ್ ಹಾಕಿ ಮುಚ್ಬೇಡಿ, ಒರೆಸಿ ತೆಗೆದು ತೆಳ್ಳಗೆ ಎರಡು ಮೂರು ಕೋಟ್ ಹಾಕಿ.

ಇಲ್ಲೇ ಒಂದು ಗೊಂದಲ ಬಿಡಿಸ್ತೀನಿ. ಕ್ಯೂರ್ ಆದ್ಮೇಲೂ ಮೇಲೆ ಅಂಟಂಟು ಇರೋದು ದೋಷ ಅಲ್ಲ. ಗಾಳಿಯಲ್ಲಿರೋ ಆಮ್ಲಜನಕ ಫ್ರೀ ರ‍್ಯಾಡಿಕಲ್ ಜೊತೆ ಸೇರಿ ಅದರ ಓಟ ನಿಲ್ಲಿಸುತ್ತೆ, ಹಾಗಾಗಿ ಗಾಳಿಗೆ ತೆರೆದಿರೋ ಅತಿ ತೆಳು ಪದರ ಮಾತ್ರ ಹಸಿ ಉಳಿಯುತ್ತೆ. ಅದನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದಾಗ ವೈಪ್ ಮೇಲೆ ಚೂರುಪಾರು ಬಣ್ಣ ಬಂದ್ರೆ ಸರಿ, ಗಟ್ಟಿ ಬಣ್ಣ ಬಂದು ಉಗುರೂ ಮಂಕಾದ್ರೆ ಅದು ಅಂಡರ್ ಕ್ಯೂರ್, ಅಂದ್ರೆ ಪೂರ್ತಿ ಕ್ಯೂರ್ ಆಗಿಲ್ಲ. ಒರೆಸಿದ ಅಂಟು ಚರ್ಮಕ್ಕೆ ಬಳಿಯೋ ಹಾಗೆ ಒರೆಸ್ಬೇಡಿ, ಅದು ಹಸಿ ಅಕ್ರಿಲೇಟ್.

ಲ್ಯಾಂಪ್ ಒಳಗೆ ಇಟ್ಟ ತಕ್ಷಣ ಸುಟ್ಟ ಹಾಗಾದ್ರೆ

ಕೊಂಡಿ ಕೂಡೋವಾಗ ಶಾಖ ಹುಟ್ಟುತ್ತೆ, ಇದು ಕೆಮಿಸ್ಟ್ರಿ, ಬೆಳಕಿನ ಬಿಸಿ ಅಲ್ಲ. ಎಷ್ಟು ಜೆಲ್ ಇದೆಯೋ ಅಷ್ಟು ಶಾಖ, ಎಷ್ಟು ಬೇಗ ಕ್ಯೂರ್ ಆಗುತ್ತೋ ಅಷ್ಟು ಚುರುಕು. ಬಿಲ್ಡರ್ ಜೆಲ್ (ಉಗುರಿಗೆ ಉದ್ದ, ಆಕಾರ ಕೊಡೋಕೆ ಬಳಸೋ ಮಂದ ಜೆಲ್) ದಪ್ಪಗೆ ಹಾಕಿ ಫುಲ್ ಪವರ್ ಲ್ಯಾಂಪ್‌ಗೆ ಇಟ್ರೆ ಕೆಲವೇ ಸೆಕೆಂಡಲ್ಲಿ ಕೈ ಕಿತ್ಕೊಳ್ತಾರೆ. ಹತ್ತೂ ಬೆರಳು ಬಿಸಿ ಆದ್ರೆ ದಪ್ಪ ಅಥವಾ ಲ್ಯಾಂಪ್ ನೋಡಿ, ಒಂದೆರಡು ಬೆರಳು ಮಾತ್ರ ಉರಿದ್ರೆ ಆ ಉಗುರುಗಳು ಫೈಲ್ ಮಾಡಿ ತೆಳ್ಳಗಾಗಿವೆ ಅಂತ ತಿಳ್ಕೊಳ್ಳಿ, ಕೆಳಗಿನ ಚರ್ಮಕ್ಕೆ ಶಾಖ ನೇರವಾಗಿ ಇಳೀತಿದೆ. ತಾಳ್ಕೊಳ್ಳಿ ಅಂತ ಯಾರಿಗೂ ಹೇಳ್ಬೇಡಿ, ಕೈ ತೆಗೆಸಿ, ಬಿಸಿ ಇಳಿದ್ಮೇಲೆ ಮತ್ತೆ ಇಡ್ಸಿ, ಲೋ ಹೀಟ್ ಮೋಡ್ ಇದ್ರೆ ಅದು ಬಳಸಿ, ಆದ್ರೆ ಹೊರಗಿದ್ದ ಟೈಮನ್ನ ಲೆಕ್ಕಕ್ಕೆ ಹಿಡೀದೆ ಒಟ್ಟು ಟೈಮ್ ಪೂರ್ತಿ ಕೊಡೋದು ಮರೀಬೇಡಿ, ಇಲ್ಲಾಂದ್ರೆ ಉರಿ ತಪ್ಪಿಸೋಕೆ ಹೋಗಿ ಅಂಡರ್ ಕ್ಯೂರ್ ಆಗುತ್ತೆ. ಸುಟ್ಟ ಜಾಗದಲ್ಲಿ ಆಮೇಲೆ ಉಗುರು ಮಾಂಸದಿಂದ ಬಿಟ್ಕೊಂಡು ಬಿಳಿ ತೇಪೆ ಕಂಡ್ರೆ ಅದರ ಮೇಲೆ ಏನೂ ಹಾಕ್ದೆ ಬೆಳೆಯೋಕೆ ಬಿಡಿ.

ಅಕ್ರಿಲಿಕ್: ಪುಡಿ, ಲಿಕ್ವಿಡ್, ಚಳಿ

ಇಲ್ಲೂ ಅದೇ ಸರಪಳಿ ಕಟ್ಟೋ ಕ್ರಿಯೆ, ಬೆಳಕಿನ ಬದ್ಲು ರಾಸಾಯನಿಕವೇ ಶುರು ಮಾಡುತ್ತೆ. ಪುಡಿಯಲ್ಲಿ ಬೆನ್ಜಾಯಿಲ್ ಪೆರಾಕ್ಸೈಡ್, ಲಿಕ್ವಿಡ್‌ನಲ್ಲಿ ಇಎಂಎ ಅಂದ್ರೆ ಇಥೈಲ್ ಮೆಥಾಕ್ರಿಲೇಟ್ ಮತ್ತು ಜೊತೆಗೆ ಅಮೈನ್ ಜಾತಿಯ ಒಂದು ಆಕ್ಸಲರೇಟರ್ (ಕ್ರಿಯೆ ಚುರುಕು ಮಾಡೋ ಪದಾರ್ಥ), ಇವು ಬ್ರಷ್ ತುದಿಯಲ್ಲಿ ಸೇರಿದ ಕ್ಷಣದಿಂದ ಗಡಿಯಾರ ಓಡೋಕೆ ಶುರು. ಬೀಡ್, ಅಂದ್ರೆ ಬ್ರಷ್ ತುದಿಯಲ್ಲಿ ಪುಡಿ ಲಿಕ್ವಿಡ್ ಸೇರಿ ಆಗೋ ಉಂಡೆ, ನೋಡಿದ್ರೇ ಅರ್ಧ ರೋಗ ಗೊತ್ತಾಗುತ್ತೆ. ಉಗುರಿಗೆ ಇಟ್ಟ ತಕ್ಷಣ ಹರಿದು ಚರ್ಮಕ್ಕೆ ಹೋದ್ರೆ ಲಿಕ್ವಿಡ್ ಜಾಸ್ತಿ, ಅಷ್ಟೂ ಮೊನೊಮರ್ (ಇನ್ನೂ ಸರಪಳಿ ಕಟ್ಟದ ಬಿಡಿ ಅಣು, ಅಂದ್ರೆ ಈ ಲಿಕ್ವಿಡ್) ಗಟ್ಟಿಯಾಗೋಕೆ ಬೇಕಾದಷ್ಟು ಪೆರಾಕ್ಸೈಡ್ ಪುಡಿಯಿಂದ ಬಂದಿಲ್ಲ, ಅಂಥದ್ದು ಜಾಸ್ತಿ ಕುಗ್ಗುತ್ತೆ, ಬಿಡಿ ಮೊನೊಮರ್ ಉಳಿಯುತ್ತೆ, ಬುಡದಿಂದ ಏಳುತ್ತೆ. ಬೀಡ್ ಒಣ ಒಣ, ಹರಡದೆ ಗಂಟಾಗಿ ಕೂತ್ರೆ ಪುಡಿ ಜಾಸ್ತಿ, ಉಗುರನ್ನ ಅದು ಸರಿಯಾಗಿ ತೇವ ಮಾಡಿ ಹಿಡಿಯಲ್ಲ, ಫೈಲ್ ಮಾಡುವಾಗ ಪುಡಿ ಪುಡಿಯಾಗಿ ಉದುರುತ್ತೆ, ಬಡಿದ್ರೆ ಮುರಿಯುತ್ತೆ. ಇಟ್ಟ ಬೀಡ್ ತಾನಾಗೇ ನಿಧಾನವಾಗಿ ಹರಡಿ, ಗುಮ್ಮಟದ ಆಕಾರ ಬಿಡದೆ ನಿಂತ್ರೆ ಅಳತೆ ಸರಿ ಇದೆ.

ಮೇಲೆ ಮಂಜು ಹಿಡಿದ ಹಾಗೆ ಬಿಳಿ, ಹರಳು ಹರಳು ಕಂಡ್ರೆ ಪ್ರಾಡಕ್ಟ್ ಹಾಳಾಗಿದೆ ಅಂತ ಎಸೆಯೋಕೆ ಹೋಗ್ಬೇಡಿ, ಚಳಿ ನೋಡಿ. ಮೊನೊಮರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತೆ, ರೂಮು ಮತ್ತೆ ಕ್ಲೈಂಟ್ ಕೈ ಮೊದ್ಲೇ ತಣ್ಣಗಿದ್ರೆ ಗಟ್ಟಿಯಾಗೋ ಕ್ರಿಯೆ ಹಿಂದೆ ಬಿದ್ದು ಹೀಗಾಗುತ್ತೆ. ಎಸಿ ಅಥವಾ ಫ್ಯಾನಿನ ಗಾಳಿ ನೇರವಾಗಿ ಟೇಬಲ್ ಮೇಲೆ ಬೀಳ್ತಿದ್ಯಾ ನೋಡಿ, ಕೈ ಬೆಚ್ಚಗೆ ಮಾಡಿಸಿ, ಬಾಟ್ಲಿನ ರೂಮ್ ಟೆಂಪರೇಚರ್‌ಗೆ ತನ್ನಿ, ಒಲೆ ಮೇಲೆ ಮಾತ್ರ ಇಡ್ಬೇಡಿ, ಮೊನೊಮರ್ ಬೇಗ ಬೆಂಕಿ ಹತ್ಕೊಳ್ಳೋ ಪದಾರ್ಥ. ಕೆಲವು ದಿನ ಆದ್ಮೇಲೆ ಹಳದಿಯಾದ್ರೆ ಬಿಸಿಲು, ಅಂಡರ್ ಕ್ಯೂರ್, ಅಮೈನ್ ಆಕ್ಸಿಡೈಸ್ ಆಗೋದು, ಕೊಳೆಯಾದ ಬ್ರಷ್ ಈ ನಾಲ್ಕರಲ್ಲಿ ಒಂದಿರುತ್ತೆ. ಮೇಲ್ಮೈ ಫೈಲ್ ಮಾಡಿದ್ರೆ ಹಳದಿ ಹೋಯ್ತು ಅಂದ್ರೆ ಹೊರಗಿನಿಂದ ಬಂದ ಕಲೆ, ಹೋಗ್ಲಿಲ್ಲ ಅಂದ್ರೆ ಒಳಗಿಂದ. ಲಿಕ್ವಿಡ್‌ಗೆ ನೇರಳೆ ಛಾಯೆ ಕೊಟ್ಟಿರೋದು ಈ ಹಳದಿಯನ್ನ ಕಣ್ಣಿಗೆ ಮರೆಮಾಚೋಕೆ.

ಅಕ್ರಿಲಿಕ್ ಅಸಿಟೋನ್‌ನಲ್ಲಿ ಎಷ್ಟು ನೆನೆಸಿದ್ರೂ ಮೆತ್ತಗಾಗ್ತಿಲ್ಲ, ಫೈಲ್ ಹಿಡೀತಿಲ್ಲ, ವಾಸನೆ ತುಂಬಾ ಖಾರ, ಬಡಿದಾಗ ಅಕ್ರಿಲಿಕ್ ಒಡೆಯೋ ಬದ್ಲು ಸ್ವಂತ ಉಗುರೇ ಕಿತ್ತು ಬರುತ್ತೆ ಅಂತಾದ್ರೆ ಲಿಕ್ವಿಡ್ ಎಂಎಂಎ, ಅಂದ್ರೆ ಮಿಥೈಲ್ ಮೆಥಾಕ್ರಿಲೇಟ್ ಇರಬಹುದು. 1970ರ ದಶಕದ ಶುರುವಲ್ಲೇ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಉಗುರು ವಿಕಾರ ಆಗಿದೆ, ಅಲರ್ಜಿ ಆಗಿದೆ ಅಂತ ದೂರು ಬಂದು, 100 ಪರ್ಸೆಂಟ್ ಎಂಎಂಎ ಮೊನೊಮರ್ ಇದ್ದ ಉಗುರಿನ ಪ್ರಾಡಕ್ಟ್‌ಗಳನ್ನ ಕೋರ್ಟ್ ಮೂಲಕ ಮಾರ್ಕೆಟ್‌ನಿಂದ ತೆಗೆಸಿದ್ರು. ಪುಡಿಯ ಲೇಬಲ್‌ನಲ್ಲಿ ಪಾಲಿಮಿಥೈಲ್ ಮೆಥಾಕ್ರಿಲೇಟ್ ಅಂತ ಕಂಡ್ರೆ ಗಾಬರಿ ಬೇಡ, ಅದು ಆಗ್ಲೇ ಸರಪಳಿ ಕಟ್ಟಿ ಮುಗಿದಿರೋದು, ತೊಂದ್ರೆ ಇರೋದು ದ್ರವ ರೂಪದ ಮೊನೊಮರ್‌ನಲ್ಲಿ. ಹಾಗೇ ಹಾರ್ಡ್ ಜೆಲ್ ಕೂಡ ಅಸಿಟೋನ್‌ಗೆ ಕರಗಲ್ಲ, ಬಲೆ ಅಷ್ಟು ಒತ್ತಾಗಿ ಹೆಣೆದಿರುತ್ತೆ, ಅದು ದೋಷ ಅಲ್ಲ, ಅದನ್ನ ಫೈಲ್ ಮಾಡಿಯೇ ತೆಗೀಬೇಕು.

ಮಾಮೂಲಿ ನೇಲ್ ಪಾಲಿಶ್, ಗ್ಲೂ

ಇವು ಬೇಗ ಮುಗಿಸ್ತೀನಿ. ಪಾಲಿಶ್ ಅಂದ್ರೆ ನೈಟ್ರೋಸೆಲ್ಯುಲೋಸ್ ಅನ್ನೋ ಪದಾರ್ಥವನ್ನ ಇಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಲ್ಲಿ ಕರಗಿಸಿರೋದು, ಆ ದ್ರಾವಕ ಹಾರಿ ಹೋದ್ರೆ ಪೊರೆ ಉಳಿಯುತ್ತೆ, ಇದು ನಿಜವಾಗ್ಲೂ ಒಣಗೋ ಪ್ರಾಡಕ್ಟ್. ಗಟ್ಟಿಯಾದ ಪಾಲಿಶ್‌ಗೆ ರಿಮೂವರ್ ಸುರೀಬೇಡಿ, ರಿಮೂವರ್‌ನಲ್ಲಿರೋ ನೀರು, ಎಣ್ಣೆ ಪೊರೆ ಕೆಡಿಸುತ್ತೆ, ಮೊದ್ಲು ಇದ್ದ ದ್ರಾವಕಗಳೇ ಇರೋ ಥಿನ್ನರ್ ಎರಡು ಮೂರು ಹನಿ ಹಾಕಿ. ಗುಳ್ಳೆ ಬಂದ್ರೆ ದಪ್ಪ ಕೋಟ್, ಮೇಲಿನ ಪೊರೆ ಬೇಗ ಕಟ್ಟಿ ಒಳಗಿನ ದ್ರಾವಕಕ್ಕೆ ಹೊರಗೆ ಬರೋಕೆ ದಾರಿ ಇಲ್ಲ.

ಟಿಪ್ಸ್ (ಉಗುರು ಉದ್ದ ಮಾಡೋ ಪ್ಲಾಸ್ಟಿಕ್ ತುದಿ) ಅಂಟಿಸೋ ಗ್ಲೂ ಸೈನೋಅಕ್ರಿಲೇಟ್, ಗಾಳಿಯ ಮತ್ತು ಉಗುರಿನ ತೇವಾಂಶವೇ ಅದನ್ನ ಗಟ್ಟಿ ಮಾಡೋದು. ಜಾಸ್ತಿ ಹಾಕಿದ್ರೆ ಬೇಗ ಅಂಟಲ್ಲ, ಸುತ್ತ ಬಿಳಿ ಪುಡಿ ಕೂರುತ್ತೆ. ಚೆಲ್ಲಿದ ಗ್ಲೂನ ಹತ್ತಿಯಲ್ಲಿ ಒರೆಸ್ಬೇಡಿ ದಯವಿಟ್ಟು, ಹತ್ತಿ ಎಳೆಗಳಲ್ಲಿ ಅದು ಒಂದೇ ಏಟಿಗೆ ಗಟ್ಟಿಯಾಗಿ ಚರ್ಮ ಸುಡೋ ಅಷ್ಟು ಬಿಸಿ ಆಗುತ್ತೆ.

ತೆಗೆದ್ಮೇಲೆ ಉಗುರು ಬಿಳಿ ಬಿಳಿ, ತೆಳ್ಳಗೆ ಕಂಡ್ರೆ

ಜೆಲ್ ಉಗುರನ್ನ ತಿಂದುಹಾಕ್ತು ಅಂತಾರೆ, ಸಾಮಾನ್ಯವಾಗಿ ತಪ್ಪು ತೆಗೆಯೋದ್ರಲ್ಲಿ ಇರುತ್ತೆ. ಅಸಿಟೋನ್ ಜೆಲ್ ಪಾಲಿಶನ್ನ ಪೂರ್ತಿ ಕರಗಿಸಲ್ಲ, ಬಲೆಯೊಳಗೆ ನುಗ್ಗಿ ಉಬ್ಬಿಸಿ ಸಡಿಲ ಮಾಡುತ್ತೆ, ಅದಕ್ಕೆ ಟೈಮ್ ಬೇಕು. ಟಾಪ್ ಕೋಟ್ ಹೊಳಪನ್ನ ಮೊದ್ಲು ಫೈಲ್ ಮಾಡಿದ್ರೆ ಬೇಗ ನುಗ್ಗುತ್ತೆ. ಇನ್ನೂ ಹಿಡ್ಕೊಂಡಿರೋದನ್ನ ಕೆರೆದ್ರೆ ಉಗುರಿನ ಪದರ ಜೊತೆಗೇ ಬರುತ್ತೆ, ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯೋದು, ಬುಡದ ಹತ್ರ ಆದ ಗಾಯ ತುದಿಗೆ ಬಂದು ಹೋಗೋಕೆ ಆರು ತಿಂಗಳು ಹಿಡಿಯುತ್ತೆ.

ಎದ್ದ ಜಾಗದ ಕೆಳಗೆ ಹಸಿರು ಕಂಡ್ರೆ ಅದು ಬೂಸ್ಟು ಅಲ್ಲ, ಸ್ಯೂಡೋಮೋನಸ್ ಅನ್ನೋ ಬ್ಯಾಕ್ಟೀರಿಯಾ, ತೇವ ಸಿಕ್ಕಿಹಾಕ್ಕೊಂಡ ಜಾಗದಲ್ಲಿ ಬೆಳೆದು ಹಸಿರು ಬಣ್ಣ ಬಿಡುತ್ತೆ. ಪೂರ್ತಿ ತೆಗೀರಿ, ಒಣಗೋಕೆ ಬಿಡಿ, ಮೇಲೆ ಬಣ್ಣ ಬಳಿದು ಮುಚ್ಬೇಡಿ, ನೋವು ಇದ್ರೆ ಅಥವಾ ಹರಡ್ತಿದ್ರೆ ಡಾಕ್ಟರ್ ಹತ್ರ ಕಳಿಸಿ.

ಕಡಿತ ಶುರುವಾದ್ರೆ

ಉಗುರಿನ ಸುತ್ತ ಕಡಿತ, ಕೆಂಪು, ಸಣ್ಣ ನೀರ್ಗುಳ್ಳೆ, ಬೆರಳ ತುದಿ ಚರ್ಮ ಒಣಗಿ ಸೀಳೋದು, ಕೆಲವರಿಗೆ ಕಣ್ಣಿನ ರೆಪ್ಪೆ ಮೇಲೆ ಕೆಂಪು, ಇದು ಅಕ್ರಿಲೇಟ್ ಅಲರ್ಜಿ ಇರಬಹುದು. ಸಾಮಾನ್ಯವಾಗಿ ಹಾಕಿದ ತಕ್ಷಣ ಬರಲ್ಲ, ಒಂದೆರಡು ದಿನ ಬಿಟ್ಟು ಬರುತ್ತೆ, ಅದಕ್ಕೇ ಸೋಪು, ಸ್ಯಾನಿಟೈಸರ್ ಮೇಲೆ ಅನುಮಾನ ಹೋಗೋದು. ವರ್ಷಗಟ್ಟಲೆ ಏನೂ ಆಗದೆ ಇದ್ದವ್ರಿಗೂ ಒಂದಿನ ಶುರುವಾಗಬಹುದು. ಇಲ್ಲಿಗೆ ಬರ್ಲಿ ಅಂತಾನೇ ಮೇಲೆ ಅಷ್ಟೆಲ್ಲ ಹೇಳಿದ್ದು: ಪೂರ್ತಿ ಕ್ಯೂರ್ ಆದ ಉಗುರಿಂದ ಅಲರ್ಜಿ ಆಗೋ ಸಾಧ್ಯತೆ ತೀರಾ ಕಮ್ಮಿ, ಹಸಿ ಅಕ್ರಿಲೇಟ್ ಚರ್ಮಕ್ಕೆ ತಾಗ್ತಾ ತಾಗ್ತಾ ದೇಹ ಅದನ್ನ ಶತ್ರು ಅಂತ ಕಲಿಯುತ್ತೆ. ಚರ್ಮಕ್ಕೆ ಹರಿದ ಜೆಲ್, ಅಂಡರ್ ಕ್ಯೂರ್ ಆದ ಉಗುರಿನ ಫೈಲಿಂಗ್ ಪುಡಿ, ಒರೆಸಿದ ಅಂಟು, ನೀರಾದ ಅಕ್ರಿಲಿಕ್ ಬೀಡ್, ಎಲ್ಲ ಒಂದೇ ದಾರಿ. ಇದರಲ್ಲಿ ಮುಖ್ಯ ಆರೋಪಿ ಹೆಮಾ (HEMA) ಅನ್ನೋ ಅಕ್ರಿಲೇಟ್ ಜಾತಿಯ ಸಣ್ಣ ಅಣು, ಸಣ್ಣದಾಗಿರೋದ್ರಿಂದ ಚರ್ಮದೊಳಗೆ ಸುಲಭವಾಗಿ ನುಗ್ಗುತ್ತೆ, ಯುರೋಪಿಯನ್ ಯೂನಿಯನ್‌ನಲ್ಲಿ 2021ರಿಂದ ಹೆಮಾ ಇರೋ ಉಗುರಿನ ಪ್ರಾಡಕ್ಟ್ ವೃತ್ತಿಪರರ ಬಳಕೆಗೆ ಮಾತ್ರ, ಅಲರ್ಜಿ ಎಚ್ಚರಿಕೆ ಲೇಬಲ್ ಮೇಲೆ ಇರಲೇಬೇಕು. ಹೆಮಾ ಫ್ರೀ ಅಂತ ಬರೆದಿದ್ರೆ ಚರ್ಮಕ್ಕೆ ತಾಗಿದ್ರೂ ನಡೆಯುತ್ತೆ ಅಂತಲ್ಲ, ಅದರಲ್ಲಿ ಬೇರೆ ಅಕ್ರಿಲೇಟ್ ಇರುತ್ತೆ.

ಕೆಲಸ ಮಾಡೋರು ಗಮನ ಇಡಿ, ನೈಟ್ರೈಲ್ ಗ್ಲೌಸ್ ಹಾಕಿದ್ರೂ ಹಸಿ ಜೆಲ್ ಮೊನೊಮರ್ ನಿಮಿಷಗಳಲ್ಲೇ ಅದನ್ನ ದಾಟುತ್ತೆ, ತಾಗಿದ ತಕ್ಷಣ ಬದಲಾಯಿಸಿ, ದಿನಪೂರ್ತಿ ಒಂದೇ ಜೊತೆ ಹಾಕ್ಕೊಂಡಿರ್ಬೇಡಿ. ಬಾಟ್ಲಿ ಮುಚ್ಚಳ, ಲ್ಯಾಂಪ್ ಸ್ವಿಚ್, ಫೋನ್ ಇವುಗಳ ಮೇಲೆ ಅಂಟಿದ ಜೆಲ್ಲೇ ರೆಪ್ಪೆಗೆ ಹೋಗೋದು. ಕ್ಲೈಂಟ್‌ಗೆ ಕಡಿತ ಕಂಡ್ರೆ ಬ್ರ್ಯಾಂಡ್ ಬದಲಾಯಿಸಿ ನೋಡೋಣ ಅಂತ ಇನ್ನೊಂದು ಸಲ ಹಾಕ್ಬೇಡಿ, ತೆಗೆಸಿ, ಚರ್ಮದ ಡಾಕ್ಟರ್ ಹತ್ರ ಪ್ಯಾಚ್ ಟೆಸ್ಟ್‌ಗೆ ಕಳಿಸಿ. ಅಲರ್ಜಿ ಖಚಿತ ಆದ್ರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತೆ, ಮತ್ತು ಹಲ್ಲಿನ ಫಿಲ್ಲಿಂಗ್‌ನಲ್ಲಿ, ಮೂಳೆ ಸಿಮೆಂಟ್‌ನಲ್ಲಿ, ಡಯಾಬಿಟಿಸ್‌ಗೆ ಮೈಗೆ ಅಂಟಿಸೋ ಗ್ಲೂಕೋಸ್ ಸೆನ್ಸರ್ ಅಂಟಿನಲ್ಲೂ ಇದೇ ಜಾತಿಯ ಅಣುಗಳು ಇರೋದ್ರಿಂದ ಹಲ್ಲಿನ ಡಾಕ್ಟರ್‌ಗೆ, ಆಪರೇಷನ್ ಇದ್ರೆ ಸರ್ಜನ್‌ಗೆ ಮೊದಲೇ ಹೇಳೋಕೆ ಕ್ಲೈಂಟ್‌ಗೆ ತಿಳಿಸಿ.